ಮನೆಯ ನಕ್ಷೆಯಲ್ಲಿ ಕಾಳಿಗೆ ಜಾಗವೆಲ್ಲಿ?

ಮುಂಗಾರಿನ ಬೆಳೆ ಕಣಕ್ಕೆ ಬರುವ ಕಾಲವಿದು. ದಸರೆಯಿಂದ ದೀಪಾವಳಿಯ ಆಚೀಚೆಗೆ ಶೇಂಗಾ, ಮೆಕ್ಕೆಜೋಳ, ಮುಂಗಾರಿ ಜೋಳಗಳೆಲ್ಲ ಒಮ್ಮೆಲೇ ಮಾರುಕಟ್ಟೆಗೆ ಬರುತ್ತವೆ. ಮಾಲು ಹೆಚ್ಚಿದಾಗ ಧಾರಣೆ ಇಳಿಯುತ್ತದೆ. ಮಾಲು ಗೋದಾಮು ಸೇರಿದ ಮೇಲೆ ಏರುತ್ತದೆ. ಇಳಿದಾಗ ಮಾರುವವನು ಸಾಲಗಾರ ರೈತ, ಏರಿದಾಗ ಕೊಳ್ಳುವವನು ಗಿರಣಿಯ ಕೂಲಿಕಾರ. ನಡುವಿನ ಲಾಭ ಯಾರ ಪಾಲೆಂಬುದನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಗೇವು, ಕಣಜ, ವಾಡೆ, ಗುಡಾಣಗಳ ಹೆಸರು ನಮ್ಮ ಹಿರಿಯರಿಗೆ ಗೊತ್ತು. ಆ ಕಾಲವೇ ಚೆನ್ನಾಗಿತ್ತೆಂದು ಹಾಡಿ ಹೊಗಳುವವರು ನಾವಲ್ಲ. ಹಗೇವು ತುಂಬಿರುತ್ತಿದ್ದುದು ಉಳ್ಳವರ ಮನೆಯಲ್ಲಿ; ಬಿತ್ತಿ ಬೆಳೆದ ಆಳಿನ ಗುಡಿಸಲಲ್ಲಿ ನಾಲ್ಕು ಗಡಿಗೆಗಳಿದ್ದರೆ ಅದೇ ಭಾಗ್ಯ. ಆದರೆ ಕಾಳಿಗೂ ಮನೆಯಲ್ಲಿ ಒಂದು ಜಾಗ ಬೇಕೆಂಬ ತಿಳಿವಳಿಕೆಯಂತೂ ಆಗ ಇತ್ತು.

ಇಂದಿನ ಬಡವರ ಮನೆಯ ನಕ್ಷೆಯಲ್ಲಿ ಅದು ಮರೆತುಹೋಗಿದೆ. ಕೈಗಾರಿಕಾ ಕಾರ್ಮಿಕರಿಗೆ ಸಹಾಯಧನದ ವಸತಿ ಯೋಜನೆ ಬಂದದ್ದು 1952ರಲ್ಲಿ. 2016ರಲ್ಲಿ ಬಂದ ಗ್ರಾಮೀಣ ಆವಾಸ ಯೋಜನೆ ಮನೆಗೆ ಕನಿಷ್ಠ 25 ಚದರ ಮೀಟರ್ ಎಂದು ಗೊತ್ತುಮಾಡಿತು. ಎಂದರೆ ಸುಮಾರು 270 ಚದರ ಅಡಿ. ಅಡುಗೆಯ ಜಾಗವೂ ಅದರಲ್ಲೇ ಸೇರಿದೆ. ಅಡುಗೆಗೆ ಜಾಗ ಅಳೆದವರು ಅಡುಗೆಯಾಗಬೇಕಾದ ಕಾಳಿಗೂ ಜಾಗ ಅಳೆಯಬೇಕಲ್ಲವೆ?

ಅದಕ್ಕೆ ಬೇಕಾದುದೆಷ್ಟು? ಐದು ಮಂದಿಯ ಸಂಸಾರಕ್ಕೆ ದಿನಕ್ಕೆ ಒಂದೂವರೆ ಕಿಲೊ ಧಾನ್ಯ ಎಂದಿಟ್ಟುಕೊಂಡರೆ ಆರು ತಿಂಗಳಿಗೆ ಮೂರು ಕ್ವಿಂಟಲಿಗೂ ಕಡಿಮೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ತಗಡಿನ ಕಣಜದಲ್ಲಿ ಇಷ್ಟೂ ಹಿಡಿಯುತ್ತದೆ. ನಾವು ಕೇಳುತ್ತಿರುವುದು 270 ಅಡಿಯಲ್ಲಿ ನಾಲ್ಕೇ ಅಡಿ ಒಣ ನೆಲ.

ಮನೆ ಕಟ್ಟಿಸುವ ಬಂಧುಗಳು ಕೆಲವು ಮಾತು ನೆನಪಿಡಬೇಕು. ಕಾಳಿನ ಮೂಲೆ ಬಚ್ಚಲ ಗೋಡೆಗೆ ತಾಗಿರಬಾರದು. ಕಣಜ ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಒಂದು ಗೇಣು ದೂರ ನಿಲ್ಲಬೇಕು. ಅದರ ಮೇಲೆ ಅಟ್ಟ ಹಾಕಿದರೆ ಉಳಿದ ಸಾಮಾನಿಗಾಯಿತು. ಕಾಳನ್ನು ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಆರಿದ ಮೇಲೆ ತುಂಬಬೇಕು; ಹಲ್ಲಿಗಿಟ್ಟು ಕಡಿದರೆ ಕಟ್ ಎನ್ನಬೇಕು. ತೇವ ಉಳಿದರೆ ಹುಳು, ಬೂಷ್ಟು ತಪ್ಪಿದ್ದಲ್ಲ. ಬೂಷ್ಟು ಹಿಡಿದ ಶೇಂಗಾ ವಿಷವೇ ಆದೀತು, ಅದನ್ನು ತಿನ್ನಬಾರದು.

ಜಾಗವಿದ್ದರೂ ಸುಗ್ಗಿಯಲ್ಲಿ ಕೊಳ್ಳಲು ಹಣವೆಲ್ಲಿದೆ ಎಂದು ಕಾರ್ಮಿಕರು ಕೇಳುವರು. ಪ್ರಶ್ನೆ ನ್ಯಾಯವಾದುದು. ಅದಕ್ಕಾಗಿ ಗಿರಣಿಗಳು ಸುಗ್ಗಿಯ ಮುಂಗಡ ಕೊಟ್ಟು, ಬಡ್ಡಿಯಿಲ್ಲದೆ ಹತ್ತು ಕಂತುಗಳಲ್ಲಿ ಸಂಬಳದಿಂದ ಹಿಡಿದುಕೊಳ್ಳಲಿ. ಹತ್ತು ಮನೆಯವರು ಕೂಡಿ ರೈತನಿಂದಲೇ ನೇರವಾಗಿ ತರಿಸಿದರೆ ಅವನಿಗೂ ಎರಡು ಕಾಸು ಹೆಚ್ಚು ಸಿಕ್ಕೀತು.

ಸಣ್ಣ ವ್ಯಾಪಾರಿಗೆ ಇದರಿಂದ ನಷ್ಟವೆಂದು ಹೆದರಿಸುವವರಿದ್ದಾರೆ. ಸಗಟುಗಾರನಿಂದ ಉದ್ರಿ ತಂದು, ಅವನು ಹೇಳಿದ ಧಾರಣೆಗೆ ಮಾರುವ ಅಂಗಡಿಯವನಿಗೂ ಕೂಲಿಕಾರನ ಪಾಡೇ. ಅವನಿಗೂ ಬೇಕಾದುದು ದಾಸ್ತಾನಿನ ಜಾಗ. 1957ರಲ್ಲಿ ಕೇಂದ್ರ ಉಗ್ರಾಣ ನಿಗಮವೂ ನಮ್ಮ ರಾಜ್ಯದ ಉಗ್ರಾಣ ನಿಗಮವೂ ಹುಟ್ಟಿದವು. 2007ರ ಕಾಯಿದೆ ಉಗ್ರಾಣದ ರಸೀದಿಗೆ ಕೈ ಬದಲಾಗುವ ಪತ್ರದ ಬೆಲೆ ಕೊಟ್ಟಿತು. ಇಷ್ಟಿದ್ದೂ ಹತ್ತು ಚೀಲದವನು ಆ ಬಾಗಿಲಿಗೆ ಹೋಗಲು ಅಂಜುತ್ತಾನೆ. ಉಗ್ರಾಣದಲ್ಲಿ ಒಂದು ಪಾಲನ್ನು ಸಣ್ಣ ರೈತರಿಗೆ, ಸಣ್ಣ ವ್ಯಾಪಾರಿಗಳಿಗೆ ಮೀಸಲಿಡಬೇಕು.

ಆರು ತಿಂಗಳ ಊಟವನ್ನು ಮನೆಯಲ್ಲಿಡುವುದು ಕಳ್ಳದಾಸ್ತಾನಲ್ಲ. ಸಾವಿರ ಮನೆಗಳಲ್ಲಿ ಮೂರು ಮೂರು ಕ್ವಿಂಟಲ್ ಕಾಳಿದ್ದರೆ ಕಳ್ಳದಾಸ್ತಾನುಗಾರನ ಆಟ ಅಷ್ಟರಮಟ್ಟಿಗೆ ನಿಲ್ಲುತ್ತದೆ. ನಿಮ್ಮ ವಾರ್ಡಿನಲ್ಲಿ ಮುಂದೆ ಯಾವ ವಸತಿ ಯೋಜನೆಯ ನಕ್ಷೆ ಬಂದರೂ ಮೊದಲು ಕೇಳಿರಿ: ಕಾಳಿಡುವ ಜಾಗ ಎಲ್ಲಿ? ಉತ್ತರ ಬರುವವರೆಗೆ ಒಪ್ಪಿಗೆಯ ಕೈ ಎತ್ತಬೇಡಿರಿ.