ತಟ್ಟೆಯ ಪುರಾಣ

ಇಂಗ್ಲೆಂಡಿನ ಮಕ್ಕಳು ತಲೆಮಾರುಗಳಿಂದ ಊಟದ ತಟ್ಟೆಯಲ್ಲಿಯೇ ಒಂದು ಕಥೆಯನ್ನು ಕಂಡು ಬೆಳೆದಿದ್ದಾರೆ. ಬಿಳಿಯ ತಟ್ಟೆಯ ಮೇಲೆ ನೀಲಿಯ ಚಿತ್ರ. ನಡುವೆ ಕೊಂಬೆ ಜೋಲಿದ ವಿಲೋ ಮರ. ಬಲಕ್ಕೆ ಚೀನೀ ಮಾದರಿಯ ದೊಡ್ಡ ಮನೆ. ಎಡಕ್ಕೆ ಸೇತುವೆ, ಅದರ ಮೇಲೆ ಮೂವರು. ಆಚೆ ದೋಣಿ, ದ್ವೀಪ. ಎಲ್ಲಕ್ಕೂ ಮೇಲೆ ಎದುರುಬದುರಾಗಿ ಹಾರುವ ಎರಡು ಹಕ್ಕಿಗಳು. ಇದೇ ಸುಪ್ರಸಿದ್ಧ ‘ವಿಲೋ ಪ್ಯಾಟರ್ನ್’.

ಆ ಮನೆ ಒಬ್ಬ ಶ್ರೀಮಂತ ಅಧಿಕಾರಿಯದಂತೆ. ಅವನ ಮಗಳು ಕೂಂಗ್‌ಸೀ ತಂದೆಯ ಬಡ ಕಾರ್ಯದರ್ಶಿ ಚಾಂಗನಿಗೆ ಮನಸೋತಳು. ತಂದೆ ಅವನನ್ನು ಹೊರದೂಡಿ, ತೋಟಕ್ಕೆ ಬೇಲಿ ಹಾಕಿಸಿ, ಮಗಳನ್ನು ಮುದಿ ಪ್ರಭುವೊಬ್ಬನಿಗೆ ಗೊತ್ತುಮಾಡಿದನು. ಔತಣದ ಗದ್ದಲದಲ್ಲಿ ಪ್ರೇಮಿಗಳು ಓಡಿಹೋದರು. ಸೇತುವೆಯ ಮೇಲೆ ಮುಂದೆ ನೂಲುವ ಕೋಲು ಹಿಡಿದವಳು ಅವಳು. ಒಡವೆಯ ಪೆಟ್ಟಿಗೆ ಹೊತ್ತವನು ಚಾಂಗ್. ಚಾವಟಿ ಹಿಡಿದು ಬೆನ್ನಟ್ಟಿದವನು ತಂದೆ. ದ್ವೀಪದಲ್ಲಿ ಕೆಲಕಾಲ ಸುಖವಾಗಿದ್ದರೂ ಕೊನೆಗೆ ಸೈನಿಕರ ಕೈಯಲ್ಲಿ ಚಾಂಗ್ ಮಡಿದನು. ಅವಳು ಮನೆಗೆ ಕಿಚ್ಚಿಟ್ಟು ತಾನೂ ಬೆಂದಳು. ಕನಿಕರಗೊಂಡ ದೇವತೆಗಳು ಇಬ್ಬರನ್ನೂ ಹಕ್ಕಿಗಳನ್ನಾಗಿಸಿದರು.

ಕಥೆ ಮನ ಕರಗಿಸುವಂಥದೇ. ಆದರೆ ಇದು ಚೀನಾದೇಶದ್ದಲ್ಲ. 1849ರಲ್ಲಿ ‘ಫ್ಯಾಮಿಲಿ ಫ್ರೆಂಡ್’ ಎಂಬ ಇಂಗ್ಲಿಷ್ ಪತ್ರಿಕೆ ಇದನ್ನು ಅಚ್ಚುಮಾಡಿ ಮನೆಮನೆಗೆ ಮುಟ್ಟಿಸಿತು. ಚಿತ್ರವಾದರೋ 1790ರ ಸುಮಾರಿನಲ್ಲಿಯೇ ಸ್ಟೋಕ್ ಪಟ್ಟಣದ ಜೊಸಾಯ ಸ್ಪೋಡನ ಕಾರ್ಖಾನೆಯಲ್ಲಿ, ಚೀನೀ ಪಾತ್ರೆಗಳ ಮೇಲಿನ ಮರ, ಮನೆ, ಸೇತುವೆಗಳನ್ನು ಕೂಡಿಸಿ ರೂಪಿಸಿದ್ದು. ತಟ್ಟೆಯ ಷಷ್ಟಿಪೂರ್ತಿಯ ವೇಳೆಗೆ ಅದಕ್ಕೊಂದು ಸ್ಥಳಪುರಾಣ ಹುಟ್ಟಿತೆನ್ನಬೇಕು!

ಚಿತ್ರದ ಹುಟ್ಟಿಗೆ ಪ್ರೇಮ ಕಾರಣವಲ್ಲ, ಚಹಾ ಕಾರಣ. 1784ರಲ್ಲಿ ಚಹಾದ ಮೇಲಿನ ಸುಂಕ ನೂರಕ್ಕೆ 119ರಿಂದ ಹನ್ನೆರಡೂವರೆಗೆ ಇಳಿಯಿತು. ಕುಡಿಯುವವರು ಹೆಚ್ಚಿದರು, ಪಾತ್ರೆಗಳಿಗೆ ಬೇಡಿಕೆ ಏರಿತು. 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚೀನೀ ಪಿಂಗಾಣಿಯನ್ನು ಸಗಟಾಗಿ ತರಿಸುವುದನ್ನೇ ನಿಲ್ಲಿಸಿತು. ಸ್ಟಾಫರ್ಡ್‌ಶೈರಿನ ಕುಂಬಾರಿಕೆಯವರಿಗೆ ಇದಕ್ಕಿಂತ ಸುಮುಹೂರ್ತ ಬೇರೆ ಬೇಕಿರಲಿಲ್ಲ. ಮುಂದೆ ಚೀನಾದ ಕುಂಬಾರರೇ ಪಾಶ್ಚಾತ್ಯ ಗಿರಾಕಿಗಳಿಗಾಗಿ ಈ ‘ಚೀನೀ’ ಚಿತ್ರವನ್ನು ನಕಲು ಮಾಡಬೇಕಾಯಿತು.

ಚೀನಾದಲ್ಲಿ ಕುಂಚದಿಂದ ಬರೆಯುತ್ತಿದ್ದುದನ್ನು ಇಲ್ಲಿ ಅಚ್ಚೊತ್ತಿದರು. ಕೆತ್ತನೆಗಾರನು ತಾಮ್ರದ ತಗಡಿನಲ್ಲಿ ಚಿತ್ರವನ್ನು ಕೊರೆಯುತ್ತಿದ್ದನು. ಗೆರೆಗಳಲ್ಲಿ ಎಣ್ಣೆ ಬೆರೆಸಿದ ಕೋಬಾಲ್ಟ್ ಬಣ್ಣವನ್ನು ತುಂಬಿ ತೆಳುಗಾಗದಕ್ಕೆ ಇಳಿಸಿದ ಮೇಲೆ ಕೆಲಸ ಹೆಂಗಸರ ಪಾಲಿಗೆ ಬರುತ್ತಿದ್ದಿತು. ಎಳೆಯ ಹುಡುಗಿಯರು ಕಾಗದವನ್ನು ಕತ್ತರಿಸಿ ಕೊಡುವರು. ಹೆಂಗಸರು ಅದನ್ನು ಒಮ್ಮೆ ಸುಟ್ಟ ತಟ್ಟೆಗೆ ಅಂಟಿಸಿ, ಗಟ್ಟಿ ಕುಂಚದಿಂದ ಬಲವಾಗಿ ತಿಕ್ಕುವರು. ನೀರಿನಲ್ಲಿ ಕಾಗದ ತೊಳೆದುಹೋಗಿ ನೀಲಿ ಉಳಿಯುತ್ತಿದ್ದಿತು. ಬಳಿಕ ಗಾಜಿನ ಮೆರುಗು, ಮತ್ತೆ ಆವಿಗೆ. ಆ ಉರಿಯನ್ನು ತಾಳಿ ನಿಲ್ಲುವ ಬಣ್ಣಗಳಲ್ಲಿ ಕೋಬಾಲ್ಟಿನ ನೀಲಿಯೇ ಆಗ ಮೊದಲನೆಯದು.

ಕೂಂಗ್‌ಸೀಯ ಹೆಸರನ್ನು ಕಟ್ಟಿದವರುಂಟು. ಈ ಹೆಂಗಸರ ಹೆಸರನ್ನು ತಟ್ಟೆಯ ಬೆನ್ನಿನ ಮೇಲೂ ಯಾರೂ ಬರೆಯಲಿಲ್ಲ. ಆದರೂ ಹಳೆಯ ತಟ್ಟೆಯೊಂದರ ಅಂಚನ್ನು ಬೆರಳಿನಿಂದ ಸುತ್ತುತ್ತ ಬಂದರೆ ಎಲ್ಲಿಯೋ ಒಂದೆಡೆ ಬಳ್ಳಿ ಬಳ್ಳಿಗೆ ಕೂಡದೆ ಥಟ್ಟನೆ ತುಂಡಾಗಿರುವುದು ಕಾಣುತ್ತದೆ. ಕಾಗದದ ಎರಡು ತುದಿಗಳು ಸೇರಿದ ಸ್ಥಳವದು. ಅವಸರದಲ್ಲಿದ್ದ ಯಾವಳದೋ ಕೈ ಒಂದು ನೂಲಿನಷ್ಟು ಸರಿದಿದ್ದಿತು.