ಲೋಟದಿಂದ ಆರಂಭವಾಗಲಿ

ಏಪ್ರಿಲ್ 14 ಬಂತೆಂದರೆ ನಮ್ಮ ಎಷ್ಟೋ ಹೊರನಾಡ ಸಂಘಗಳಲ್ಲಿ ಮಕ್ಕಳಿಗೆ ಛದ್ಮವೇಷ ಸ್ಪರ್ಧೆ. ಮಗುವೊಂದಕ್ಕೆ ನೀಲಿ ಕೋಟು ತೊಡಿಸಿ, ದುಂಡು ಕನ್ನಡಕ ಏರಿಸಿ, ಕೈಗೆ ದಪ್ಪ ಪುಸ್ತಕ ಕೊಟ್ಟು ವೇದಿಕೆ ಹತ್ತಿಸುತ್ತೇವೆ. ‘ನಾನು ಸಂವಿಧಾನಶಿಲ್ಪಿ’ ಎಂದು ಅದು ಒಪ್ಪಿಸುತ್ತದೆ. ನಾವು ಚಪ್ಪಾಳೆ ತಟ್ಟುತ್ತೇವೆ. ಮನೆಗೆ ಮರಳಿದ ಅದೇ ಮಗು, ಪಾತ್ರೆ ತಿಕ್ಕಲು ಬರುವ ಹೆಂಗಸಿಗೆ ಮೂಲೆಯಲ್ಲಿ ಬೇರೆಯೇ ಇರಿಸಿದ ಲೋಟದಲ್ಲಿ ಚಹಾ ಕೊಡುವುದನ್ನು ಕಾಣುತ್ತದೆ. ಈ ಎರಡು ಪಾಠಗಳಲ್ಲಿ ಅದರ ಮನಸ್ಸಿನಲ್ಲಿ ಉಳಿಯುವುದು ಯಾವುದು?

‘ಎಳೆಯ ಮಕ್ಕಳಿಗೆ ಜಾತಿಯ ವಿಷಯವೇಕೆ?’ ಎಂದು ಕೇಳುವ ಹಿರಿಯರಿದ್ದಾರೆ. 1901ರ ಸುಮಾರಿಗೆ ಮಸೂರು ನಿಲ್ದಾಣದಲ್ಲಿ ರೈಲಿಳಿದು ತಂದೆಯಿದ್ದ ಊರಿಗೆ ಹೊರಟಾಗ ಭೀಮರಾಯರಿಗೆ ಇನ್ನೂ ಹತ್ತು ತುಂಬಿರಲಿಲ್ಲ. ಮಹಾರ ಮಕ್ಕಳೆಂದು ತಿಳಿದೊಡನೆ ಯಾವ ಗಾಡಿಯವನೂ ಒಪ್ಪಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆ ತೆತ್ತು, ಗಾಡಿಯನ್ನು ಮಕ್ಕಳೇ ಹೊಡೆಯಬೇಕಾಯಿತು. ಬುತ್ತಿ ಇತ್ತು, ಕುಡಿಯುವ ನೀರು ಸಿಗದೆ ಹಸಿದೇ ರಾತ್ರಿ ಕಳೆಯಿತು. ಅನುಭವಿಸುವುದಕ್ಕೆ ಬರದ ವಯಸ್ಸಿನ ಅಡ್ಡಿ ಕೇಳುವುದಕ್ಕೆ ಮಾತ್ರ ಏಕೆ?

‘ಇವೆಲ್ಲ ಊರಿನ ರೋಗ, ನಗರಕ್ಕೆ ಬಂದವರಿಗಿಲ್ಲ’ ಎಂಬುದು ಇನ್ನೊಂದು ವಾದ. ಊರು ಬಿಟ್ಟವರು ಜಾತಿಯನ್ನೂ ಬಿಟ್ಟಿದ್ದರೆ, ಒಂದೇ ನಗರದ ಕನ್ನಡಿಗರಲ್ಲಿ ಇಷ್ಟೊಂದು ಜಾತಿಸಂಘಗಳು ಏಕೆ ಬೇಕಾದವು? ಕನ್ನಡ ಶಾಲೆ ಮುಚ್ಚಿದಾಗ ಅಲ್ಪಸಂಖ್ಯಾತರ ಹಕ್ಕೆಂದು ನಾವು ಸಂವಿಧಾನವನ್ನು ನೆನೆಯುತ್ತೇವೆ. ನಮ್ಮ ಭಾಷೆಗೆ ಬೇಕಾದ ಸಮಾನತೆಯನ್ನು ನಮ್ಮ ಅಡುಗೆಮನೆ ಇನ್ನೊಬ್ಬರಿಗೆ ನಿರಾಕರಿಸುವುದಾದರೆ, ನಾವು ಬೇಡುತ್ತಿರುವುದು ನ್ಯಾಯವನ್ನಲ್ಲ, ರಿಯಾಯಿತಿಯನ್ನು.

ಅಂಬೇಡ್ಕರರು ನಮಗೆ ಪರಕೀಯರೂ ಅಲ್ಲ. ಅವರು ಹೋರಾಟಕ್ಕಿಳಿದ ಮುಂಬಯಿ ಪ್ರಾಂತದಲ್ಲಿ ಬೆಳಗಾವಿ, ಧಾರವಾಡ, ವಿಜಾಪುರಗಳೂ ಇದ್ದವು. 1925ರಲ್ಲಿ ನಿಪ್ಪಾಣಿಯ ಸಮ್ಮೇಳನಕ್ಕೆ ಅವರು ಬಂದಿದ್ದರು.

ಆದುದರಿಂದ ವೇಷ ಸಾಕು. ಮನೆಮಂದಿಯೆಲ್ಲ ಕೂಡಿ ಮಾಡುವ ಕೆಲಸಗಳು ಬೇಕು. ಒಂದು ಭಾನುವಾರ ಮಸೂರಿನ ಕತೆಯನ್ನು ಮಕ್ಕಳಿಂದಲೇ ಗಟ್ಟಿಯಾಗಿ ಓದಿಸಿ, ‘ಆ ಗಾಡಿಯವನ ಜಾಗದಲ್ಲಿ ನೀನಿದ್ದರೆ?’ ಎಂದು ಕೇಳಿರಿ. ಮುಂಬಯಿ, ಪುಣೆಯವರು ರಜೆಯಲ್ಲಿ ಮಹಾಡಕ್ಕೆ ಹೋಗಿ ಚವದಾರ್ ಕೆರೆಯ ದಂಡೆಯಲ್ಲಿ ಕುಳಿತು ಹೇಳಿರಿ: ಪುರಸಭೆ ಕೆರೆಯನ್ನು ಎಲ್ಲರಿಗೂ ತೆರೆದಿದೆಯೆಂದು ಠರಾವು ಮಾಡಿದ್ದರೂ, 1927ರ ಮಾರ್ಚ್ 20ರಂದು ಈ ನೀರು ಮುಟ್ಟಿದವರು ಏಟು ತಿಂದರು, ಬಳಿಕ ಕೆರೆಯನ್ನು ಗೋಮೂತ್ರ ಸುರಿದು ‘ಶುದ್ಧಿ’ ಮಾಡಲಾಯಿತು, ಹೈಕೋರ್ಟಿನ ತೀರ್ಪು ಬರಲು 1937ರ ವರೆಗೆ ಕಾಯಬೇಕಾಯಿತು. ಕಾನೂನು ಕಾಗದದ ಮೇಲಿದ್ದರೆ ಸಾಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಡಿಸೆಂಬರ್ 6ರಂದು ದಾದರಿನ ಜನಸಂದಣಿಯನ್ನು ಬೈಯುವ ಬದಲು, ಮಕ್ಕಳ ಕೈಹಿಡಿದು ಚೈತ್ಯಭೂಮಿಯ ಸಾಲಿನಲ್ಲಿ ನಿಲ್ಲಿರಿ. ಶಿವಾಜಿ ಪಾರ್ಕಿನ ಪುಸ್ತಕದಂಗಡಿಗಳಲ್ಲಿ ಬಡವರು ದುಡಿದ ಹಣದಿಂದ ಪುಸ್ತಕ ಕೊಳ್ಳುವುದನ್ನು ಅವರು ಕಾಣಲಿ.

ಇವೆಲ್ಲಕ್ಕೂ ಮೊದಲು, ಆ ಬೇರೆ ಲೋಟವನ್ನು ಮಕ್ಕಳ ಕೈಯಿಂದಲೇ ಉಳಿದ ಲೋಟಗಳ ಜೊತೆ ಇಡಿಸಿರಿ. ಇಷ್ಟು ದಿನ ಅದೇಕೆ ಬೇರೆಯಿತ್ತೆಂದು ಅವರು ಕೇಳಿದರೆ ನಿಜವನ್ನೇ ಹೇಳಿರಿ. ನಾಚಿಕೆಯಾದೀತು. ಆಗಲಿ. ಆ ನಾಚಿಕೆಯೂ ಶಿಕ್ಷಣವೇ. ಅದಕ್ಕೆ ಬಾಡಿಗೆಯ ಕೋಟು ಬೇಕಿಲ್ಲ.