ಬ್ಯಾಂಕಿಗಾಗಿ ಬರೆದ ದಾಸ್ತಾನು

ತಿಂಗಳು ಮುಗಿದು ಹತ್ತು ದಿನವಾಗುವಷ್ಟರಲ್ಲಿ ಬ್ಯಾಂಕಿನಿಂದ ಫೋನ್ ಬರುತ್ತದೆ: ‘ಸ್ಟಾಕ್ ಸ್ಟೇಟ್‌ಮೆಂಟ್ ಇನ್ನೂ ಬಂದಿಲ್ಲ, ಸರ್.’ ಕ್ಯಾಶ್ ಕ್ರೆಡಿಟ್ ಸಾಲ ಪಡೆದ ಸಣ್ಣ ಉದ್ದಿಮೆದಾರರಿಗೆ ಇದು ಹೊಸದಲ್ಲ. ಮುಂದಿನದ್ದೂ ಎಷ್ಟೋ ಕಡೆ ಒಂದೇ ರೀತಿ. ಗೋಡೌನಿನ ಬಾಗಿಲು ತೆರೆಯುವುದಿಲ್ಲ. ಹಿಂದಿನ ತಿಂಗಳ ಫೈಲು ತೆಗೆದು, ತಾರೀಖು ತಿದ್ದಿ, ಅಂಕಿಯನ್ನು ಒಂದಿಷ್ಟು ಹೆಚ್ಚುಕಡಿಮೆ ಮಾಡಿ, ಸೀಲು ಹಾಕಿ ಕಳಿಸಿಬಿಡುತ್ತಾರೆ.

ಕಾರಣ ಲೆಕ್ಕದಲ್ಲೇ ಇದೆ. ಸ್ಟಾಕು 40 ಲಕ್ಷ ರೂಪಾಯಿಯದ್ದು, ಅದರಲ್ಲಿ ಇನ್ನೂ ದುಡ್ಡು ಕೊಡದ ಮಾಲು 10 ಲಕ್ಷದ್ದು ಎಂದುಕೊಳ್ಳಿ. ಉಳಿದ 30 ಲಕ್ಷದಲ್ಲಿ ಶೇ 25ರಷ್ಟು ಮಾರ್ಜಿನ್ ಕಳೆದು 22.5 ಲಕ್ಷದವರೆಗೆ ಹಣ ತೆಗೆಯಲು ಬ್ಯಾಂಕು ಬಿಡುತ್ತದೆ. ಸಂಬಳ ಕೊಡುವ ದಿನ ಹತ್ತಿರವಾದಾಗ ಕಾಗದದ ಮೇಲಿನ ಸ್ಟಾಕು ಉಬ್ಬುವುದು ಹೀಗೆ. ಸ್ಟೇಟ್‌ಮೆಂಟ್ ಮೂರು ತಿಂಗಳಿಗಿಂತ ಹಳೆಯದಾದರೆ ಖಾತೆ ಅನಿಯಮಿತವೆನಿಸುತ್ತದೆ; ಹಾಗೆಯೇ 90 ದಿನ ಮುಂದುವರಿದರೆ ಅನುತ್ಪಾದಕ ಸಾಲಗಳ (ಎನ್‌ಪಿಎ) ಪಟ್ಟಿ ಸೇರುತ್ತದೆ. ರಿಸರ್ವ್ ಬ್ಯಾಂಕಿನ ಈ ನಿಯಮದಿಂದಾಗಿ ಕಾಗದ ಬಂದರೆ ಸಾಕೆಂಬ ಅವಸರ ಬ್ಯಾಂಕಿಗೂ ಇದೆ.

ಹೀಗೆ ಎಣಿಸದೆ ಬರೆಯುವುದರಿಂದ ನಿಜವಾಗಿ ಕೆಡುವುದು ಮಾಲೀಕನ ವ್ಯವಹಾರ. ಬೆಂಗಳೂರಿನ ಪೀಣ್ಯದ ಯಾವುದೇ ಮಶೀನ್ ಶಾಪಿನ ಸ್ಟೋರ್ಸ್‌ಗೆ ಹೋದರೂ ಅದರ ಗುರುತು ಸಿಗುತ್ತದೆ. ಸಿಎನ್‌ಸಿ ಯಂತ್ರದಲ್ಲಿ ಲೋಹ ಕತ್ತರಿಸುವ ಕಾರ್ಬೈಡ್ ಇನ್ಸರ್ಟ್ ಬೆರಳ ತುದಿಯಷ್ಟು ಚಿಕ್ಕದು, ಸಾಮಾನ್ಯವಾಗಿ ಹತ್ತರ ಡಬ್ಬಿಯಲ್ಲಿ ಬರುತ್ತದೆ. ಒಮ್ಮೆ ರಾತ್ರಿ ಪಾಳಿಯಲ್ಲಿ ಅದು ಸಿಗದೆ ಯಂತ್ರ ನಿಂತರೆ ಸಾಕು, ಮರುವಾರದಿಂದ ಆಪರೇಟರ್ ತನ್ನ ಲಾಕರಿನಲ್ಲಿ ಒಂದು ಡಬ್ಬಿ ಇಟ್ಟುಕೊಳ್ಳುತ್ತಾನೆ. ಅವನನ್ನು ನೋಡಿ ಪಕ್ಕದವನೂ. ಸ್ಟೋರ್ಸ್ ರಿಜಿಸ್ಟರಿನಲ್ಲಿ ಸೊನ್ನೆ, ಲಾಕರುಗಳಲ್ಲಿ ಹತ್ತಾರು ಡಬ್ಬಿ. ಮತ್ತೆ ಆರ್ಡರ್ ಹೋಗುತ್ತದೆ. ಆ ಜಾಬ್ ಮುಗಿದ ಮೇಲೆ ಅದೇ ಗ್ರೇಡಿನ ಇನ್ಸರ್ಟ್ ಕೇಳುವವರೇ ಇರುವುದಿಲ್ಲ. ಆಪರೇಟರ್ ಕಳ್ಳನಲ್ಲ. ಸ್ಟೋರ್ಸ್ ಮೇಲೆ ಅವನಿಗೆ ನಂಬಿಕೆ ಹೋಗಿದೆ, ಅಷ್ಟೇ. ಮೈಕ್ರೋಮೀಟರ್, ಗೇಜುಗಳದ್ದೂ ಇದೇ ಪಾಡು: ಯಾರ ಕೈಯಲ್ಲಿದೆ, ಕ್ಯಾಲಿಬ್ರೇಷನ್ ಗಡುವು ಯಾವಾಗ ಎಂಬುದು ದೊಡ್ಡ ಗಿರಾಕಿಯ ಆಡಿಟ್ ಬರುವ ಹಿಂದಿನ ದಿನವೇ ನೆನಪಾಗುವುದು.

ಸ್ಟಾಕಿನ ಲೆಕ್ಕ ಬೇಕಾಗುವುದು ಬ್ಯಾಂಕಿಗೆ ಮಾತ್ರವಲ್ಲ. ಕಂಪೋಸಿಷನ್ ಎಂಬ ಸರಳ ತೆರಿಗೆ ಯೋಜನೆಯಲ್ಲಿ ಇಲ್ಲದ ನೋಂದಾಯಿತ ವ್ಯಾಪಾರಿ ಸರಕಿನ ಲೆಕ್ಕ ಇಡಲೇಬೇಕೆಂದು ಜಿಎಸ್‌ಟಿ ಕಾನೂನೇ ಹೇಳುತ್ತದೆ. ಗೋಡೌನಿಗೆ ಬೆಂಕಿ ಬಿದ್ದರೆ ವಿಮೆಯ ಸರ್ವೇಯರ್ ಮೊದಲು ಕೇಳುವುದೂ ಖರೀದಿ ಬಿಲ್ಲು, ಸ್ಟಾಕ್ ರಿಜಿಸ್ಟರುಗಳನ್ನೇ.

ಲೆಕ್ಕ ಇಡುವ ಸಾಧನಕ್ಕೇನೂ ಕೊರತೆಯಿಲ್ಲ. ದೇಶದ ಅಂಗಡಿ ಅಂಗಡಿಗೂ ತಲುಪಿದ ಟ್ಯಾಲಿ ಬೆಂಗಳೂರಿನದ್ದೇ ಕಂಪನಿ. ಗಿರಣಿ, ಕಾರ್ಖಾನೆಗಳಿಗೆ ಕಚ್ಚಾ ಮಾಲು ಮತ್ತು ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯಾಪಾರಕ್ಕೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾ ಬರೆದುಕೊಟ್ಟರು. 1986ರಲ್ಲಿ ಕಂಪನಿ ಹುಟ್ಟಿತು. ಮಾಲೀಕನೊಬ್ಬ ತನಗೆ ತಿಳಿಯಬೇಕೆಂದು ಮಾಡಿಸಿಕೊಂಡ ಸಾಧನವನ್ನು ಇಂದು ಎಷ್ಟೋ ಮಾಲೀಕರು ಆಡಿಟರಿಗೆ ಒಪ್ಪಿಸಿ ಸುಮ್ಮನಿದ್ದಾರೆ.

ಎಲ್ಲವನ್ನೂ ದಿನವೂ ಎಣಿಸಬೇಕಿಲ್ಲ. ಬಹುತೇಕ ಸ್ಟೋರ್ಸ್‌ಗಳಲ್ಲಿ ಕೆಲವೇ ಐಟಂಗಳ ಮೇಲೆ ಹೆಚ್ಚಿನ ಬಂಡವಾಳ ಕೂತಿರುತ್ತದೆ. ಅವನ್ನು ವಾರಕ್ಕೊಮ್ಮೆ ಎಣಿಸಿದರಾಯಿತು. ನಟ್ಟು ಬೋಲ್ಟುಗಳನ್ನು ಮೂರು ತಿಂಗಳಿಗೊಮ್ಮೆ ತೂಗಿದರೂ ನಡೆಯುತ್ತದೆ. ಯಾವುದನ್ನು ಕಡಿಮೆ ಇಡಬೇಕು, ಯಾವುದನ್ನು ಕೂಡಿಡಬೇಕು ಎಂಬ ವಿವೇಕ ಹುಟ್ಟುವುದು ಈ ಎಣಿಕೆಯಿಂದಲೇ. ಬಿಡದಿಯಲ್ಲೂ ಕಾರು ತಯಾರಿಸುವ ಟೊಯೊಟಾ, ಬೇಕಾದಷ್ಟೇ ಮಾಲನ್ನು ಬೇಕಾದಾಗಷ್ಟೇ ತರಿಸುವ ಪದ್ಧತಿಗೆ ಹೆಸರಾದ ಕಂಪನಿ. 2011ರ ಜಪಾನ್ ಭೂಕಂಪದ ನಂತರ ಅದೇ ಕಂಪನಿ, ಚಿಪ್‌ಗಳನ್ನು ಮಾತ್ರ ಎರಡರಿಂದ ಆರು ತಿಂಗಳಿಗೆ ಸಾಲುವಷ್ಟು ಇಟ್ಟುಕೊಳ್ಳುವಂತೆ ಪೂರೈಕೆದಾರರಿಗೆ ಹೇಳಿತು. 2021ರ ಆರಂಭದಲ್ಲಿ ಚಿಪ್ ಬರ ಬಂದು ಬೇರೆ ಕಾರ್ಖಾನೆಗಳು ನಿಂತಾಗ ಟೊಯೊಟಾ ಹೆಚ್ಚು ಕಾಲ ತಡೆದುಕೊಂಡಿತು.

ಬ್ಯಾಂಕುಗಳೂ ಬದಲಾಗಲಿ. ತಪಾಸಣೆಗೆ ಬಂದ ಅಧಿಕಾರಿ ಕಚೇರಿಯಲ್ಲಿ ಕಾಫಿ ಕುಡಿದು ಸಹಿ ಮಾಡುವ ಬದಲು, ಸ್ಟೇಟ್‌ಮೆಂಟಿನಲ್ಲಿನ ಐದು ಐಟಂ ಆರಿಸಿ ರ‍್ಯಾಕಿನ ಮುಂದೆ ನಿಂತು ಎಣಿಸಲಿ. ಆರು ತಿಂಗಳಿಂದ ಅಲುಗದ ಸರಕನ್ನು ಬೇರೆ ಕಾಲಮ್ಮಿನಲ್ಲಿ ಕೇಳಲಿ. ಅದನ್ನು ಒಪ್ಪಿಕೊಂಡವರ ಸಾಲದ ಮಿತಿಯನ್ನು ಅಂದೇ ಕತ್ತರಿಸದೆ, ಮಾಲು ಮಾರಿ ಮುಗಿಸಲು ಒಂದೆರಡು ತ್ರೈಮಾಸಿಕ ಬಿಟ್ಟುಕೊಡಲಿ. ನಿಜ ಬರೆದರೆ ದಂಡ ಎಂಬ ಭಯ ಇರುವತನಕ ಯಾವ ಮಾಲೀಕನೂ ಆ ಕಾಲಮ್ಮು ತುಂಬಲಾರ.